ನಡೆಯುವವರನ್ನು ಹತ್ತಿಸಿಕೊಂಡ ತಪ್ಪು

ಕಾನಸೂರಿನ ರಸ್ತೆಯಲ್ಲಿ ಯಾರಾದರೂ ನಡೆದು ಹೋಗುತ್ತಿದ್ದರೆ ಗಾಡಿ ನಿಲ್ಲಿಸದೇ ಮುಂದೆ ಹೋಗಿ ನಮಗೆ ಅಭ್ಯಾಸವಿಲ್ಲ. ತಲೆಗೆ ಸ್ಕಾರ್ಫ್ ಕಟ್ಟಿದ್ದ ಒಬ್ಬ ಅಕ್ಕನನ್ನೂ ಒಂದು ದಿನ ಹಾಗೇ ನನ್ನ ಗೂಡ್ಸ್ ಆಟೋಗೆ ಹತ್ತಿಸಿಕೊಂಡು ಪೇಟೆಯಲ್ಲಿ ಇಳಿಸಿದ್ದೆ. ಮರುದಿನವೂ ನಡೆಯುತ್ತಿದ್ದರು. ಮತ್ತೆ ನಿಲ್ಲಿಸಿದೆ.

“ಬೇಡ ಮಾರಾಯ್ರೆ,” ಎಂದು ನಕ್ಕರು. “ನಿನ್ನೆ ನಿಮಗೆ ಬೇಜಾರಾಗ್ತದೆ ಅಂತ ಹತ್ತಿದೆ. ವಾಪಸ್ ಬರಲಿಕ್ಕೆ ಬಸ್ಸಿಗೆ ಒಂದು ತಾಸು ಕಾದೆ. ನಂಗೆ ಕ್ಯಾನ್ಸರಿನ ಕೀಮೋ ನಡೀತಾ ಇದೆ. ದಿನಾ ಸ್ವಲ್ಪ ಹೊತ್ತು ನಿಧಾನಕ್ಕೆ ನಡೀರಿ, ಮಾತಾಡಲಿಕ್ಕೆ ಆಗದಷ್ಟು ಏದುಸಿರು ಬಂದ್ರೆ ಕೂತ್ಕೊಳ್ಳಿ ಅಂದಿದ್ದಾರೆ ಡಾಕ್ಟ್ರು.”

ನನ್ನ ತಪ್ಪಿಗೆ ದಂಡ ಅಂತ ಇಳಿದು ಜೊತೆಗೆ ನಡೆದೆ. ಮುಂದಿನ ಸಣ್ಣ ಏರು ಮುಗಿಯುವವರೆಗೂ ಅವರ ಮಾತು ನಿಲ್ಲಲಿಲ್ಲ. ಡಾಕ್ಟ್ರು ಹೇಳಿದ ಹಾಗೆ ಮೋರಿಕಟ್ಟೆಯ ಮೇಲೆ ಕೂತವನು ನಾನು.