ಎರಡು ಬಡಿತ ಅಂದರೆ ಇಳಿಸು

ನಮ್ಮ ಮನೆಯವರನ್ನ ಎಲ್ಲರೂ ಇಲಿ ಮೇಸ್ತ್ರಿ ಅಂತಲೇ ಕರೆಯೋದು. ಅವರಿಗೆ ಅದರಲ್ಲಿ ಬೇಜಾರಿಲ್ಲ, ಹೆಮ್ಮೆ. ಯುದ್ಧದ ಕಾಲದ ಬಾಂಬರ್ ವಿಮಾನವೊಂದನ್ನ ಗುಜರಿಯಿಂದ ತಂದು ಮ್ಯೂಸಿಯಂ ಶೆಡ್ಡಿನಲ್ಲಿ ನಿಲ್ಲಿಸಿದ ದಿನದಿಂದ ಅದರ ತಗಡಿನ ಕೆಲಸ ಇವರದೇ, ಮೂವತ್ತೊಂದು ವರ್ಷ. ಬೇರೆಯವರ ತಲೆ ತೂರದ ಸಂದಿಯಲ್ಲಿ ಇವರು ಪೂರ್ತಿ ತೂರಿ, ಅಲ್ಲೇ ಮಲಗಿ ರಿವೆಟ್ ಹೊಡೆದು ಬರೋರು. ನಾನು ಅದೇ ಶೆಡ್ಡು ಗುಡಿಸೋಳು. ಹೊರಗಿನಿಂದ ಎಷ್ಟು ಒರೆಸಿದ್ದೀನೋ ದೇವರಿಗೇ ಗೊತ್ತು, ಒಳಗೆ ಮಾತ್ರ ಒಂದು ದಿನವೂ ಬಿಟ್ಟವರಲ್ಲ. ನಾನು ಏನಾದರೂ ಮುಟ್ಟಿ ಕೆಡಿಸ್ತೀನಂತೆ! ನನ್ನ ಜ್ವರಕ್ಕೆ ಸಿಗದ ಆರೈಕೆ ಅದರ ಒಂದು ಸ್ಕ್ರೂಗೆ ಸಿಗ್ತಿತ್ತು. ಸವತಿ ಅಂತಲೇ ನಾನು ಅದನ್ನ ಕರೀತಿದ್ದೆ. ನಕ್ಕು ಸುಮ್ಮನಾಗೋರು.

ಅವತ್ತು ಚಕ್ರಗಳಿಗೆ ಹೊಸ ಟೈರು ಹಾಕಿ ಆಗಿತ್ತು. ಎರಡು ರೆಕ್ಕೆಗೆ ಒಂದೊಂದು, ಬಾಲಕ್ಕೊಂದು, ಮೂರು ಜಾಕಿನ ಮೇಲೆ ನಿಂತಿದ್ದ ವಿಮಾನವನ್ನ ನೆಲಕ್ಕೆ ಇಳಿಸಬೇಕು. ಹಳೇ ತಗಡು ನೋಡಿ, ಭಾರ ಬೀಳುವಾಗ ಎಲ್ಲಿ ಬಿರುಕು ಬಿಡುತ್ತೋ ಅಂತ ಬಾಲದೊಳಗೆ ಒಬ್ಬರು ಕೂತು ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಬೇಕು. ಆ ಒಬ್ಬರು ಇನ್ಯಾರು, ಇವರೇ. ಜಾಕಿಗೆ ಗಾಳಿ ಕೊಡೋ ಕಂಪ್ರೆಸರ್ ಬೊಬ್ಬೆ ಹೊಡೀತಿರುತ್ತೆ, ನಿಲ್ಲಿಸಿದರೆ ಜಾಕು ಕುಸಿಯುತ್ತೆ. ಹಾಗಾಗಿ ಒಳಗಿನವರು ಕೂಗಿದರೆ ಹೊರಗೆ ಕೇಳಲ್ಲ, ಸ್ಪ್ಯಾನರಿನಿಂದ ವಿಮಾನದ ಗೋಡೆಗೆ ಬಡೀಬೇಕು. ಒಂದು ಬಡಿತ ನಿಲ್ಲಿಸು, ಎರಡು ಇಳಿಸು, ಮೂರು ಎತ್ತು. ಮ್ಯೂಸಿಯಂ ಸಾಹೇಬರು ವೈರ್‌ಲೆಸ್ ತರಿಸಿಕೊಡ್ತೀನಿ ಅಂದಿದ್ದರು, ಇವರು ಬೇಡ ಅಂದುಬಿಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಬಾಲದ ಜಾಕು ನನ್ನ ತಮ್ಮನ ಕೈಯಲ್ಲಿತ್ತು. ಎರಡು ಬಡಿತ ಬಂತು, ನಾಲ್ಕು ಬೆರಳಷ್ಟು ಇಳಿಸಿದ. ಒಂದು ಬಡಿತ, ನಿಲ್ಲಿಸಿದ. ಇನ್ನೊಂದು ಸಲವೂ ಹಾಗೇ ಆಯಿತು. ನಾನು ಅಲ್ಲೇ ಪಕ್ಕದಲ್ಲಿ ಚೆಲ್ಲಿದ ಎಣ್ಣೆಗೆ ಮರದ ಪುಡಿ ಹಾಕ್ತಿದ್ದೆ. ಮೂರನೇ ಸಲ ಠಣಠಣ ಅಂತ ಎರಡು ಸದ್ದು ಬಂತು. ಒಂದರ ಬೆನ್ನಿಗೇ ಇನ್ನೊಂದು. ತಮ್ಮ ಜಾಕು ಇಳಿಸೋಕೆ ವಾಲ್ವ್ ಬಿಚ್ಚಿದ.

ಮೂವತ್ತು ವರ್ಷ ಒಟ್ಟಿಗೆ ಬಾಳಿದೋಳು ನಾನು. ಇವರು ಬಾಗಿಲು ತಟ್ಟಿದರೂ ಅಷ್ಟೇ, ಮೇಜು ತಟ್ಟಿದರೂ ಅಷ್ಟೇ, ಒಂದು ತಟ್ಟಿ, ಉಸಿರು ತಗೊಂಡು, ಆಮೇಲೆ ಇನ್ನೊಂದು. ಇದು ಇವರು ಬಡಿದಿದ್ದಲ್ಲ, ಸ್ಪ್ಯಾನರ್ ಕೈಜಾರಿ ಬಿದ್ದಿದ್ದು.

"ನಿಲ್ಲಿಸೋ! ಅದು ನಿಮ್ಮ ಭಾವ ಬಡಿದಿದ್ದಲ್ಲ."

"ಎರಡು ಬಡಿತ ಅಕ್ಕ. ಎರಡು ಅಂದರೆ ಇಳಿಸು. ಭಾವನೇ ಹೇಳಿಕೊಟ್ಟಿರೋದು" ಅಂತ ಅವನು ನನಗೇ ಪಾಠ ಹೇಳೋಕೆ ಬಂದ. ಮಣಿಕಟ್ಟು ಹಿಡಿದು ತಿರುಚಿದೆ, ವಾಲ್ವ್ ಮುಚ್ಚಿದ. ಕಾದೆವು. ಏನೂ ಇಲ್ಲ. ಇಷ್ಟು ಹೊತ್ತಿಗೆ ಯಾಕೆ ನಿಲ್ಲಿಸಿದೆ ಅಂತ ಇವರು ಬಡಿದು ಬಡಿದು ಕಿವಿ ತೂತು ಮಾಡಬೇಕಿತ್ತು. ತಮ್ಮನ ಮುಖ ಸುಣ್ಣದ ಹಾಗಾಯಿತು. ಅವನು ವಾಲ್ವ್ ಬಿಡೋ ಹಾಗಿಲ್ಲ, ರೆಕ್ಕೆ ಹತ್ತಿರ ಇದ್ದ ಇಬ್ಬರೂ ತಮ್ಮ ಜಾಕು ಬಿಡೋ ಹಾಗಿಲ್ಲ. ಸಾಹೇಬರ ರೂಮು ಅಂಗಳದ ಆ ಕಡೆ. ಖಾಲಿ ಇದ್ದೋಳು ನಾನೊಬ್ಬಳೇ. ಪೊರಕೆ ಬಿಸಾಕಿದೆ.

ಬಾಲದ ಕಡೆಯ ಬಾಗಿಲಿಗೆ ಜಾಕಿನ ಚೌಕಟ್ಟು ಅಡ್ಡ ಇತ್ತು. ಮೂತಿಯ ಕೆಳಗಿನ ಕಿಂಡಿಯಿಂದ ಹತ್ತಿ, ವಿಮಾನದ ಉದ್ದಕ್ಕೂ ಹಿಂದಕ್ಕೆ ಹೋಗಬೇಕು. ಒಳಗೆ ಹಳೇ ಎಣ್ಣೆ ವಾಸನೆ, ತುಕ್ಕಿನ ವಾಸನೆ. ಇಷ್ಟು ದೊಡ್ಡ ಹೊಟ್ಟೆಯಲ್ಲಿ ನೆಟ್ಟಗೆ ನಿಲ್ಲೋಕೆ ಒಂದು ಮೊಳ ಜಾಗ ಇಲ್ಲ! ಎಡಕ್ಕೆ ನಕ್ಷೆ ನೋಡೋನ ಹಲಗೆ, ಅದರ ಹಿಂದೆ ರೇಡಿಯೋದವನ ಪೆಟ್ಟಿಗೆ, ಅಂಗೈಯಗಲದ ಎರಡು ಸ್ಟೂಲು. ಆಮೇಲೆ ಎರಡು ರೆಕ್ಕೆಗಳನ್ನ ಜೋಡಿಸೋ ಉಕ್ಕಿನ ತೊಲೆ, ನನ್ನ ಎದೆಮಟ್ಟಕ್ಕೆ. ಅದರ ಮೇಲೆ ಹೊಟ್ಟೆ ಊರಿ ತೆವಳಿದೆ, ಬೆನ್ನಿಗೆ ಛಾವಣಿ ತರೀತು. ಆಚೆ ಕಡೆ ತಲೆ ಮುಂದಾಗಿ ಇಳಿದೆ. ಕಾಲಿಡಬೇಕಾದ್ದು ಅಡ್ಡಪಟ್ಟಿಗಳ ಮೇಲೆ ಮಾತ್ರ, ನಡುವೆ ಇಟ್ಟರೆ ತಗಡು ಹರಿಯುತ್ತೆ ಅಂತ ಇವರು ಊಟ ಮಾಡ್ತಾ ನೂರು ಸಲ ಹೇಳಿದ್ದರು. ಕೆಲಸದ ಕೋಟು ಎಲ್ಲೋ ಕೊಕ್ಕೆಗೆ ಸಿಕ್ಕಿಕೊಂಡಿತು, ಎಳೆದೆ, ಹರೀತು, ಹರಿಯಲಿ. ಹೋದ ಹಾಗೆ ಗೋಡೆಗಳು ಎರಡೂ ಕಡೆಯಿಂದ ಹತ್ತಿರ ಬರ್ತಿದ್ದವು. ಯಾವ ತಾಯಿಯ ಮಕ್ಕಳೋ, ಇಂಥ ಬಿಲದಲ್ಲಿ ಕೂತು ಆಕಾಶದಲ್ಲಿ ಗುಂಡು ತಿಂದವು. ನನಗೆ ನೆಲದ ಮೇಲೇ ಉಸಿರು ಕಟ್ತಿತ್ತು.

ತುದಿಯಲ್ಲಿ ಟಾರ್ಚಿನ ಬೆಳಕು ಕಾಣಿಸಿತು. ಇವರು ಮಗ್ಗುಲಾಗಿ ಬಿದ್ದಿದ್ದರು. ಹಿಂದಿನ ಚಕ್ರಕ್ಕೆ ಭಾರ ಬಿದ್ದ ಹಾಗೆ ಒಳಗಡೆ ಒಂದು ದಪ್ಪ ಸಲಾಕೆ ಮೇಲೇಳುತ್ತೆ. ಜಾರಿದ ಸ್ಪ್ಯಾನರ್ ಹಿಡಿಯೋಕೆ ಹೋದ ಎಡಗೈ ಆ ಸಲಾಕೆಗೂ ಮೇಲಿನ ಪಟ್ಟಿಗೂ ನಡುವೆ ಮೊಣಕೈವರೆಗೆ ಸಿಕ್ಕಿತ್ತು. ಇನ್ನೊಂದು ಬೆರಳಷ್ಟು ಇಳಿಸಿದ್ದರೆ ಮೂಳೆ ಪುಡಿ.

ಭಯಕ್ಕೆ ನನಗೆ ಸಿಟ್ಟೇ ಬರೋದು. ಬಲಗೈ ಖಾಲಿ ಇದೆಯಲ್ಲ, ಒಂದು ಬಡಿಯೋಕೆ ಏನು ದೊಡ್ಡರೋಗ ಅಂತ ಬೈದೆ.

"ಅದು ಮೇಲೇಳಲ್ಲ ಕಣೇ. ಭುಜ ಹಿಡಿದು ಎಂಟು ತಿಂಗಳಾಯಿತು" ಅಂದರು.

ಕೆಳಗೆ ರಬ್ಬರ್ ಹಾಸು, ಕಾಲಿಗೆ ಬಟ್ಟೆ ಶೂ. ಒದ್ದರೂ ಗುದ್ದಿದರೂ ಸದ್ದು ಬರೋ ಹಾಗಿರಲಿಲ್ಲ. ಕೂಗಿ ಕೂಗಿ ಇವರ ಗಂಟಲು ಕಟ್ಟಿತ್ತು. ಮೂರು ಬಡಿ ಅಂದರು, ಒಂದೇ ಸಮ, ಜೋರಾಗಿ. ಟಾರ್ಚ್ ಎತ್ತಿಕೊಂಡೆ. ಎರಡು ಕೇಳಿಸಿ ಮೂರನೇದು ಕಂಪ್ರೆಸರ್ ಸದ್ದಿನಲ್ಲಿ ಮುಳುಗಿಹೋದರೆ? ತಮ್ಮ ಇಳಿಸ್ತಾನೆ. ಬುದ್ಧಿವಂತ, ಕಾನೂನು ಮೀರೋನಲ್ಲ. ಒಂದು ಹೊಡೆದೆ. ಎರಡು ಹೊಡೆದೆ, ಟಾರ್ಚ್ ಆರಿಹೋಯಿತು. ಕತ್ತಲಲ್ಲೇ ಇದ್ದ ಬಲವೆಲ್ಲ ಹಾಕಿ ಮೂರನೇದು ಹೊಡೆದೆ.

ತಗಡೆಲ್ಲ ಕಿರ್ ಅಂತು. ಸಲಾಕೆ ಏಳ್ತಿದೆಯೋ ಇಳೀತಿದೆಯೋ ಕಾಣಲ್ಲ. ಕೈ ಚಾಚಿ ಅದರ ಮೇಲೇ ಇಟ್ಟೆ, ಅವರ ಕೈ ಪಕ್ಕದಲ್ಲಿ. ನಿಧಾನಕ್ಕೆ, ಒಂದೊಂದು ಕೂದಲೆಳೆಯಷ್ಟು, ಅದು ನನ್ನ ಅಂಗೈಯಿಂದ ಕೆಳಗೆ ಜಾರಿತು. ಅವರು ಕೈ ಎಳೆದುಕೊಂಡರು.

ನಾನು ಅವರ ತಲೆ ಹಿಡಿದುಕೊಂಡು ಅತ್ತುಬಿಟ್ಟೆ. ಅವರು ನನ್ನ ಕಿವಿಯಲ್ಲಿ ಹೇಳಿದ್ದು ಏನು ಗೊತ್ತಾ? ಭುಜದ ವಿಷಯ ಹೊರಗೆ ಬಾಯಿ ಬಿಡಬೇಡ, ಗೊತ್ತಾದರೆ ಇನ್ನು ನನ್ನನ್ನ ಒಳಗೆ ಬಿಡಲ್ಲ ಅಂತ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಹೊರಗೆ ಬರೋ ಹೊತ್ತಿಗೆ ಸಾಹೇಬರು ಓಡಿ ಬಂದಿದ್ದರು. ಇವರ ಎಡಗೈ ಚರ್ಮ ಸುಲಿದಿತ್ತು, ಮೂಳೆ ನೆಟ್ಟಗಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಏನಿಲ್ಲ ಸಾರ್, ಸ್ಪ್ಯಾನರ್ ಜಾರಿತು, ಒಂದು ಹತ್ತು ನಿಮಿಷ ಸುಧಾರಿಸಿಕೊಂಡು ಮತ್ತೆ ಹೋಗ್ತೀನಿ ಅಂದರು. ವಿಮಾನ ಅರ್ಧಕ್ಕೆ ನೇತಾಡ್ತಿದೆ, ಬೇರೆ ಯಾರಿಗೆ ಆ ಬಾಲ ಗೊತ್ತು? ಸಾಹೇಬರು ಗಡಿಯಾರ ನೋಡಿ, ಸರಿ ಅಂತ ತಲೆ ಆಡಿಸಿದರು. ಇವರು ಕಿಂಡಿ ಕಡೆ ತಿರುಗಿದರು.

"ಬಲಗೈ ಎತ್ತಿ ತೋರಿಸಿ" ಅಂದೆ.

ಇವರು ನನ್ನನ್ನ ನೋಡಿದರು. ಆ ನೋಟ ಬೇಡ, ಯಾವ ಹೆಂಡತಿಗೂ ಬೇಡ.

"ಎತ್ತಿ. ತಲೆ ಮೇಲೆ ಬೇಡ, ಎದೆವರೆಗೆ ಸಾಕು."

ಎತ್ತಿದರು. ಸೊಂಟದ ತನಕ ಬಂತು. ಹಲ್ಲು ಕಚ್ಚಿದರು, ಕುತ್ತಿಗೆ ನರ ಉಬ್ಬಿತು, ಅಲ್ಲಿಂದ ಮೇಲೆ ಬರಲಿಲ್ಲ. ನನ್ನ ತಮ್ಮ ತಲೆ ತಗ್ಗಿಸಿದ. ಸಾಹೇಬರು ಬಾಲದ ಕೆಳಗೆ ಆಸರೆಗೆ ಮರದ ದಿಮ್ಮಿ ಪೇರಿಸೋಕೆ ಹೇಳಿ, ಇವರ ಬೆನ್ನ ಮೇಲೆ ಒಂದು ಸಲ ಕೈ ಇಟ್ಟು ಹೋದರು. ಅಲ್ಲಿಗೆ ಇಲಿ ಮೇಸ್ತ್ರಿಯ ಕೆಲಸ ಮುಗೀತು.

ಮನೆಗೆ ಬಂದೋರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತುಂಬಾ ಹೊತ್ತಾದ ಮೇಲೆ ತೆಗೆದರು. ಅಂಗಿಯ ಒಂದು ತೋಳು ಬಿಚ್ಚಿತ್ತು, ಇನ್ನೊಂದು ಮೈಗೇ ಇತ್ತು. ಎಡಗೈ ಗಾಯಕ್ಕೆ ಬಟ್ಟೆ ಕಟ್ಟಿತ್ತು, ಬಲಗೈ ಏಳಲ್ಲ, ಹೇಗೆ ತೆಗೀತಾರೆ?

ಮೊದಲೇ ನನಗೊಂದು ಮಾತು ಹೇಳಬಾರದಿತ್ತಾ ಅಂದೆ.

"ಹೇಳಿದ್ದರೆ ನೀನೇ ಹೊರಗೆ ಹಾಕಿಸ್ತಿದ್ದೆ."

"ಹೂಂ, ಹಾಕಿಸ್ತಿದ್ದೆ."

ಹತ್ತಿರ ಹೋಗಿ ಅಂಗಿ ತೆಗೆಯೋಕೆ ಆ ಬಲಗೈ ಹಿಡಿದು ಮೆಲ್ಲಗೆ ಎತ್ತಿದೆ. ಎಂಟು ತಿಂಗಳಲ್ಲಿ ಮೊದಲನೇ ಸಲ ನನ್ನೆದುರು ಬಾಯಿಬಿಟ್ಟು ನೋಯುತ್ತೆ ಕಣೇ ಅಂದರು.