ಅಕ್ಕೋರು ಸುತ್ತು ಹಾಕಿದ ‘ಆದ್ದರಿಂದ’

ಹೋದ ತಿಂಗಳು ಸೊಸೆ ಮಾಡಗ್ಯಾಳದ ಸಂತೆಯಿಂದ ಒಂದು ಕರಿ ಕಂಬಳಿ ತಂದಳು. ಬಿಚ್ಚಿ ಹಾಸಿದ್ದೇ ತಡ, ನೂಲಿಗೆ ಹಚ್ಚಿದ ಹುಣಸೆ ಬೀಜದ ಗಂಜಿಯ ಹುಳಿ ವಾಸನೆ ಮನೆ ತುಂಬ ಹರಡಿತು. ಸೊಸೆ ಮೂಗು ಮುಚ್ಚಿಕೊಂಡು, “ಬಿಸಲಿಗಿ ಹಾಕ್ತೀನ್ರಿ ಅತ್ತಿ” ಎಂದಳು. “ಇರಲಿ ಬಿಡವಾ” ಎಂದು ನಾನು ಅದರ ಮೇಲೇ ಕುಳಿತುಬಿಟ್ಟೆ. ನಾನು ಓದಿದ ಶಾಲೆಯ ವಾಸನೆ ಅದು.

ಶಾಲೆ ಎಂದರೆ ದೊಡ್ಡದೇನಲ್ಲ, ಕಂಬಳಿ ನೇಯುವವರ ಮನೆಯ ಪಡಸಾಲೆ. ನಮ್ಮೂರಿದ್ದ ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಗಂಡುಹುಡುಗರಿಗೆ ಕಲ್ಲಿನ ಕಟ್ಟಡ, ಗಂಟೆ, ಕುರ್ಚಿ ಎಲ್ಲ ಇತ್ತು. ಕನ್ನಡ ಕಲಿಯುವ ಹೆಣ್ಣುಮಕ್ಕಳಿಗೆ ಆ ಪಡಸಾಲೆ ಸಾಕು ಎಂದು ಯಾರೋ ಪುಣ್ಯಾತ್ಮರು ತೀರ್ಮಾನಿಸಿದ್ದರು. ಒಳಗೆ ಮಗ್ಗದ ಸದ್ದು, ಹೊರಗೆ ನಮ್ಮ ಮಗ್ಗಿಯ ಸದ್ದು.

ಅಲ್ಲಿಗೆ ವಿಜಾಪುರದ ಕಡೆಯಿಂದ ಬಂದವರು ನಮ್ಮ ಅಕ್ಕೋರು. ಪಾಠ ಹೇಳುವ ಹೆಂಗಸರನ್ನು ನಮ್ಮಲ್ಲಿ ಕರೆಯುವುದೇ ಹಾಗೆ. ಬಿಳಿ ಸೀರೆ, ಹಣೆ ತುಂಬ ವಿಭೂತಿ, ಬರಿಗೈ. ಮದುವೆಗೆ ಮೊದಲೇ ಮುಲ್ಕಿ ಪಾಸಾಗಿದ್ದರಂತೆ. ಮುಲ್ಕಿ ಎಂದರೆ ಏಳನೆಯ ಇಯತ್ತೆಯ ದೊಡ್ಡ ಪರೀಕ್ಷೆ. ಅದು ಪಾಸಾದರೆ ಆ ಕಾಲಕ್ಕೆ ಮಾಸ್ತರಿಕೆ ಸಿಗುತ್ತಿತ್ತು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡ. ಆಮೇಲೆ ಕೆಲಸಕ್ಕೆ ಸೇರಿದರು. ವಯಸ್ಸು ಬಹಳವಿರಲಿಲ್ಲ. ನಗುವಾಗ ಮಾತ್ರ ಅದು ಗೊತ್ತಾಗುತ್ತಿತ್ತು...

ಅವರು ನಿಬಂಧ ತಿದ್ದುವ ರೀತಿಯೇ ಬೇರೆ. ಅಕ್ಷರ ತಪ್ಪಿದರೆ ಸುಮ್ಮನೆ ಸರಿಮಾಡಿ ಮುಂದೆ ಹೋಗುವರು. ‘ಆದ್ದರಿಂದ’ ಎಂಬ ಮಾತು ಬಂದಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ, ಬರೆದವಳನ್ನು ಎಬ್ಬಿಸಿ ನಿಲ್ಲಿಸುವರು. “ಈ ಮಾತಿನ ಹೊಟ್ಟ್ಯಾಗಿಂದ ಆ ಮಾತು ಹುಟ್ಟೇತೇನು? ಇಲ್ಲಾ ನೀನ ತಂದು ಪಕ್ಕಕ್ಕ ಮಲಗಿಸೀದಿ?” ಒಬ್ಬಳು ಕುರಿಯ ಮೇಲೆ ನಿಬಂಧ ಬರೆದಳು: ಮಾಡಗ್ಯಾಳದ ಕುರಿಯ ಮೂಗು ಗಿಳಿಯ ಮೂಗಿನ ಹಾಗೆ ಬಾಗಿರುತ್ತದೆ, ಆದ್ದರಿಂದ ಅದು ಉತ್ತಮ ಕುರಿ. ಅಕ್ಕೋರು ತಮ್ಮ ಉದ್ದ ಮೂಗನ್ನು ಮುಟ್ಟಿ ನೋಡಿಕೊಂಡು, “ಹಂಗಾರ ನಾನೂ ಉತ್ತಮ ಕುರೀನ” ಎಂದರು. ನಾವು ನಕ್ಕು ನಕ್ಕು ಸುಸ್ತಾದೆವು. ಹಿರಿಯರು ಹೇಳಿದ್ದಾರೆ ಎಂದು ಬರೆದರೆ, “ಹಿರ್ಯಾರು ಯಾಕ ಹೇಳಿದ್ರು, ಅದನ್ನ ಬರಿ” ಎನ್ನುವರು.

ನಾನು ಮುಲ್ಕಿಯ ಇಯತ್ತೆಗೆ ಬಂದ ವರ್ಷ ನಮ್ಮಪ್ಪ ಶಾಲೆ ಬಿಡಿಸುವ ಮಾತು ತೆಗೆದ. ಅಪ್ಪನದು ಕಾಳಿನ ವ್ಯಾಪಾರ. ಅಸಂಗಿಯ ಒಂದು ಮನೆಯವರು ನನ್ನನ್ನು ಕೇಳಿದ್ದರು. ಪರೀಕ್ಷೆಯೂ ಇಲ್ಲ, ಗಿರೀಕ್ಷೆಯೂ ಇಲ್ಲ, ಯುಗಾದಿ ಆದ ಮೇಲೆ ಮದುವೆ ಎಂದುಬಿಟ್ಟ. ನನಗೆ ಮೈಯೆಲ್ಲ ಉರಿ. ಅದೇ ವಾರ ಅಕ್ಕೋರು ಹೆಣ್ಣುಮಕ್ಕಳಿಗೆ ವಿದ್ಯೆ ಬೇಕೆ ಎಂಬ ವಿಷಯ ಕೊಟ್ಟರು. ನಾನು ಸಿಟ್ಟನ್ನೆಲ್ಲ ಅದರಲ್ಲಿ ಸುರಿದೆ. ಬೇಡ ಎನ್ನುವವರು ಕತ್ತೆಗಳು, ಕಣ್ಣಿದ್ದೂ ಕುರುಡರು, ಹೆಣ್ಣು ದೇವತೆ, ಆದ್ದರಿಂದ ಅವಳಿಗೆ ವಿದ್ಯೆ ಬೇಕು... ಅಕ್ಕೋರು ಬೆನ್ನು ತಟ್ಟುತ್ತಾರೆಂದು ಕಾದು ಕುಳಿತೆ. ಪುಟದ ತುಂಬ ಕೆಂಪು ಸುತ್ತು, ಕೆಳಗೆ ಸೊನ್ನೆ.

“ನಿಮ್ಮ ಪರವಾಗೇ ಬರದೀನಲ್ರಿ ಅಕ್ಕೋರ!” ಎಂದೆ. ಅಳು ಬಂದಿತ್ತು.

“ನನ್ನ ಪರ ಇದ್ರ ಕೊಳತಿದ್ದೂ ನಡೀತದೇನು? ಕತ್ತಿ ಅಂತ ಬೈದ್ರ ಅವರ ಮಾತು ಸುಳ್ಳಾಗೂದಿಲ್ಲ. ಹೋಗು, ನಿಮ್ಮಪ್ಪ ಯಾಕ ಬ್ಯಾಡ ಅಂತಾರ ಕೇಳು. ಅವರು ಓದಿಸಿ ಕೇಳಿದ್ರ ‘ಹೌದು, ಇದು ನನ್ನ ಮಾತ’ ಅನಬೇಕು, ಹಂಗ ಬರಕೊಂಡು ಬಾ. ಆಮ್ಯಾಲ ಉತ್ತರ.”

ಅದು ಅವರ ಪದ್ಧತಿ. ಎದುರಿನವನ ಮಾತನ್ನು ಅವನೇ ಒಪ್ಪುವಂತೆ ಬರೆಯದೆ ಉತ್ತರ ಬರೆಯಲು ಬಿಡುತ್ತಿರಲಿಲ್ಲ. ನಾನು ಅಂಗಡಿಗೆ ಹೋಗಿ ಅಪ್ಪನನ್ನು ಕೇಳಿದೆ. ಅವನು ತಕ್ಕಡಿ ಕೆಳಗಿಟ್ಟು, “ನಿಮ್ಮ ಅಕ್ಕೋರನ್ನ ನೋಡು. ಸಾಲಿ ಕಲತರು, ಗಂಡನ್ನ ಕಳಕೊಂಡ್ರು. ಕಲತ ಹೆಣ್ಣಿಗಿ ಗಂಡ ಉಳಿಯೂದಿಲ್ಲ. ನನ್ನ ಮಗಳು ಬಿಳಿ ಸೀರಿ ಉಟ್ಟದ್ದು ನೋಡೂ ಧೈರ್ಯ ನನಗಿಲ್ಲವಾ” ಎಂದ. ಊರಲ್ಲಿ ಅರ್ಧ ಜನ ಆಡುತ್ತಿದ್ದ ಮಾತೇ ಅದು.

ಇದನ್ನು ಹೇಗೆ ಓದಲಿ? ಆದರೂ ಮರುದಿನ ಓದಿದೆ. ಅಕ್ಕೋರ ಎದುರು ನಿಂತು, ಅವರ ಗಂಡನ ಸಾವನ್ನೇ ಓದಿದೆ: ಅಕ್ಕೋರು ಶಾಲೆ ಕಲಿತರು, ಆದ್ದರಿಂದ ಅವರ ಗಂಡ ಉಳಿಯಲಿಲ್ಲ. ಅಕ್ಕೋರು ನನ್ನ ಹಾಳೆ ಇಸಿದುಕೊಂಡು, ಬೇರೆಯವರದಕ್ಕೆ ಹಾಕುವಂತೆಯೇ, ‘ಆದ್ದರಿಂದ’ಕ್ಕೆ ಗುಂಡಗೆ ಸುತ್ತು ಹಾಕಿದರು.

“ನಾ ಕಲತೀನಿ, ಖರೇ. ನನ್ನ ಗಂಡ ಸತ್ತಾನ, ಅದೂ ಖರೇ. ನಿಮ್ಮಪ್ಪ ಎರಡೂ ಖರೇನ ಹೇಳ್ಯಾರ. ನಡುವ ಇದು ಎಲ್ಲಿಂದ ಬಂತು? ಆ ಹಾವಿಗಿ ನಾ ಮುಲ್ಕಿ ಪಾಸಾಗಿದ್ದು ಗೊತ್ತಿತ್ತೇನು?” ಹಾಳೆಯನ್ನು ನನ್ನ ಕೈಗೆ ಕೊಟ್ಟರು. “ಉತ್ತರ ಬರಿ. ನಿಮ್ಮಪ್ಪನ್ನ ಬೈಬಾರದು. ನನ್ನ ಸಲುವಾಗಿ ಅಳಬಾರದು.”

ಬೈಗುಳವೂ ಇಲ್ಲ, ಕಣ್ಣೀರೂ ಇಲ್ಲ ಎಂದರೆ ನನ್ನ ಹತ್ತಿರ ಉಳಿದದ್ದಾದರೂ ಏನು? ಸಿಟ್ಟಿನಿಂದಲೇ ಮನೆಗೆ ಬಂದೆ. ಅಂಗಳದಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಮೊರ ಹಿಡಿದು ಜೋಳ ಕೇರುತ್ತಿದ್ದಳು. ಅವಳೂ ಬರಿಗೈಯವಳೇ. ಅಪ್ಪ ತೊಟ್ಟಿಲಲ್ಲಿದ್ದಾಗ ಗಂಡನನ್ನು ಕಳೆದುಕೊಂಡವಳು, ಒಂದಕ್ಷರ ಕಲಿಯದವಳು. ದಿನಾ ನೋಡುತ್ತಿದ್ದ ಮುಖವನ್ನು ಅವತ್ತು ಹೊಸದಾಗಿ ನೋಡಿದೆ. ಕುಳಿತು ಬರೆದೆ.

ಅಮಾವಾಸ್ಯೆಯ ದಿನ ಅಂಗಡಿ ಮುಚ್ಚಿತ್ತು. ಊಟವಾದ ಮೇಲೆ ಅಪ್ಪನಿಗೆ ಓದಿ ಹೇಳಿದೆ. ಅವನ ಮಾತು ಬಂದಾಗ ಮೀಸೆಯಲ್ಲೇ ನಕ್ಕು, “ಹೌದು, ಇದು ನನ್ನ ಮಾತ. ಚಲೋ ಬರದಿ” ಎಂದ. ಮುಂದೆ ಓದಿದೆ. ಆಯಿ ಶಾಲೆಯ ಮೆಟ್ಟಿಲು ಹತ್ತಿಲ್ಲ, ಅವಳ ಗಂಡನೂ ತೀರಿಕೊಂಡ. ಕಲಿತರೂ ಬರುವ, ಕಲಿಯದಿದ್ದರೂ ಬರುವ ಸಾವಿಗೆ ಕಲಿತದ್ದೇ ಕಾರಣ ಎನ್ನುವುದು ಹೇಗೆ? ಅಪ್ಪನ ಮುಖ ಕೆಂಪಾಯಿತು.

“ದೊಡ್ಡವರಿಗಿ ಎದುರಾಡ್ತೀ? ಇದನ್ನ ಕಲಸ್ತಾಳೇನು ಆಕಿ?”

ಅಲ್ಲೇ ಜೋಳ ಕೇರುತ್ತಿದ್ದ ಆಯಿ ಮೊರ ಕೆಳಗಿಟ್ಟಳು. “ಆಕೀನ ಯಾಕ ಬೈತೀಯೋ? ಕೂಸಿಗಿ ಜವಾಬ ಕೊಡು ಮೊದಲ. ನಾ ಯಾವ ಸಾಲಿ ಕಲತಿದ್ನೋ, ನಿಮ್ಮಪ್ಪ ಹೋಗಾಕ?”

ಅಪ್ಪ ರುಮಾಲು ಸುತ್ತಿಕೊಂಡು ಹೊರಗೆ ಹೋದ. ನಾಲ್ಕಾರು ದಿನವಾದ ಮೇಲೆ ಒಂದು ಮುಂಜಾನೆ ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ, “ಪರೀಕ್ಷಾಕ್ಕ ಕುಂದ್ರು. ಅಸಂಗಿಯವರಿಗೆ ನಾ ಹೇಳ್ತೀನಿ” ಎಂದ. ಹಿಗ್ಗಿನಿಂದ ನಾನು ಶಾಲೆಯವರೆಗೂ ಓಡಿದೆ.

ಆದರೆ ಮಾತು ಚಾವಡಿ ಮುಟ್ಟಿತ್ತು. ಆಕೆ ಹುಡುಗಿಯರಿಗೆ ಎದುರಾಡುವುದನ್ನು ಕಲಿಸುತ್ತಾಳೆ, ಗಂಡ ಸತ್ತವಳು, ಅವಳ ಕಡೆಯಿಂದ ಪಾಠವೇ ಬೇಡ ಎಂದು ಊರ ದೊಡ್ಡವರು ಮೇಲಿನವರ ತನಕ ಹೋದರು. ಅವರು ಹೇಳಿದ್ದರಲ್ಲಿ ಒಂದು ಮಾತಾದರೂ ಅಕ್ಕೋರು ಕಲಿಸಿದ್ದು ಯಾಕೆ ತಪ್ಪು ಎಂಬುದರ ಬಗ್ಗೆ ಇತ್ತೇ? ಇರಲಿಲ್ಲ. ಪರೀಕ್ಷೆಗೆ ಮೊದಲೇ ಅಕ್ಕೋರಿಗೆ ಬೇರೆ ಊರಿಗೆ ಬದಲಿಯ ಹುಕುಂ ಬಂತು. ಇಂದಿಗೂ ನೆನೆದರೆ ನನ್ನ ರಕ್ತ ಕುದಿಯುತ್ತದೆ. ಕುದಿಯಲಿ.

ಹೊರಡುವ ದಿನ ಟ್ರಂಕು ಗಾಡಿಗೆ ಏರಿಸಿ ನಿಂತಿದ್ದರು. ನಾನು ಸೆರಗು ಹಿಡಿದು, “ಅವರ ಗೆದ್ರಲ್ರಿ ಅಕ್ಕೋರ” ಎಂದೆ.

“ನನ್ನ ಎಬ್ಬಿಸಿ ಕಳಿಸ್ಯಾರ. ಉತ್ತರ ಎಲ್ಲಿ ಕೊಟ್ಟಾರ?” ಎಂದು ನಕ್ಕರು. “ಪರೀಕ್ಷಾದಾಗ ಅವಸರ ಮಾಡಬ್ಯಾಡ” ಎಂದರು. ಗಾಡಿ ಹೊರಟಿತು...

ನಾನು ಮುಲ್ಕಿ ಪಾಸಾದೆ. ಟ್ರೇನಿಂಗ್ ಮುಗಿಸಿದೆ. ಓದಿದವಳೇ ಬೇಕು ಎಂದ ಒಬ್ಬ ಮಾಸ್ತರನನ್ನು ಮದುವೆಯಾದೆ. ನಿವೃತ್ತಿಯಾಗುವ ತನಕ ಹೆಣ್ಣುಮಕ್ಕಳಿಗೆ ನಿಬಂಧ ಬರೆಸಿದೆ. ಅಕ್ಕೋರನ್ನು ಹುಡುಕಿಸಿದೆ, ಬದಲಿಯಾದ ಊರಿಂದ ಮತ್ತೆಲ್ಲಿಗೋ ಹೋದರೆಂದರು, ಮುಂದೆ ಸುದ್ದಿ ಸಿಗಲಿಲ್ಲ.

ಹೋದ ವರ್ಷ ನಮ್ಮ ಮನೆಯವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ಸುತ್ತ ಕುಳಿತಿದ್ದರು. ಹಿಂದಿನಿಂದ ಯಾರೋ ಮುದುಕಿ ಗೊಣಗಿದಳು: “ಸಾಲಿ ಕಲತ ಹಣಿಬಾರ ಇದು. ಆಗಿನ ಕಾಲದಾಗ ಸುಮ್ಮ ಹೇಳತಿದ್ದಿಲ್ಲ.”

ನಾನು ತಿರುಗಿ ಕುಳಿತೆ. “ನಾ ಕಲತದ್ದಕ್ಕ ಅವರು ಸತ್ರು ಅಂದ್ರ, ಮೊಮ್ಮಕ್ಕಳ ಮದವಿ ಮಾಡಿ, ಮರಿಮಗನ್ನ ತೊಡೀಮ್ಯಾಲ ಆಡಿಸೂತನಕ ಬದಕಿದ್ದು ಯಾರು ಕಲತದ್ದಕ್ಕವಾ?” ಎಂದೆ.

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಮುಂಜಾನೆಯಿಂದ ಗಂಡನಿಗಾಗಿ ಅತ್ತಿದ್ದೆ. ಆಗ ಅತ್ತದ್ದು ಅಕ್ಕೋರಿಗಾಗಿ. ನನ್ನ ಸುತ್ತ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಇದ್ದರು. ಅಕ್ಕೋರು ಹರೆಯದಲ್ಲಿ, ಗಂಡನ ಹೆಣದ ಮುಂದೆ, ಇದೇ ಮಾತನ್ನು ಮೊದಲ ಸಲ ಕೇಳಿದಾಗ ಅವರ ಪಕ್ಕದಲ್ಲಿ ಯಾರಿದ್ದರು? ಅದನ್ನು ನಾನು ಅವರನ್ನು ಕೇಳಲೇ ಇಲ್ಲ. ಇನ್ನು ಕೇಳಲು ಅವರಿಲ್ಲ.