ಮರಳ ದಿಬ್ಬದಾಚೆ ದಸ್ತಗೀರ ಸಾಹೇಬರು

ಪುಷ್ಯದ ಚಳಿಯಲ್ಲಿ ನಾನೂ ಝಳಕಿಯ ನಿಂಬೆಹಣ್ಣಿನ ವ್ಯಾಪಾರಿ ದಸ್ತಗೀರ ಸಾಹೇಬರೂ ಥಾರ್ ಮರುಭೂಮಿಗೆ ಹೊರಟೆವು. ವಿಹಾರವೇ ಉದ್ದೇಶ, ಬೇರೆ ಯಾವ ಘನಕಾರ್ಯವೂ ಇರಲಿಲ್ಲ. ಇಂಡಿ ಪಟ್ಟಣದ ಶಾಲೆಯಲ್ಲಿ ಜೀವಮಾನವೆಲ್ಲ ಭೂಗೋಳ ಕಲಿಸಿದವನು ನಕಾಶೆಯ ಹಳದಿ ಭಾಗವನ್ನು ಒಮ್ಮೆಯಾದರೂ ತುಳಿಯಬೇಕೆಂಬುದು ನನ್ನ ವಾದ. ಸಾಹೇಬರಿಗೆ ವಾದವಿರಲಿಲ್ಲ, ಸಕ್ಕರೆ ಕಾಯಿಲೆಯಿತ್ತು. ಅವರ ಪತ್ನಿ ರಜಿಯಾಬಿ ಬಸ್ ನಿಲ್ದಾಣದಲ್ಲಿ ಕಡಕ್ ರೊಟ್ಟಿಯ ಗಂಟನ್ನೂ ಗಂಡನನ್ನೂ ನನಗೆ ಒಪ್ಪಿಸಿದರು.

ಸೋಲಾಪುರದವರೆಗೆ ಬಸ್ಸು, ಮುಂದೆ ಬದಲಿಸಿ ಬದಲಿಸಿ ರೈಲು, ಜೈಸಲ್ಮೇರಿನಿಂದ ಒಂದು ತಾಸು ಜೀಪು. ಕೊನೆಗೆ ಮರಳ ನಡುವೆ ಬಟ್ಟೆಯ ಡೇರೆಗಳು. ರಾತ್ರಿ ಊಟಕ್ಕೆ ನಮ್ಮ ಕಡೆಯಂಥದೇ ಸಜ್ಜಿ ರೊಟ್ಟಿ ಸಿಕ್ಕಿತು; ಪರದೇಶವೆಂಬ ಭಯ ಅರ್ಧ ಇಳಿಯಿತು.

ಬೆಳಿಗ್ಗೆ ಸಾಹೇಬರು ಗುಳಿಗೆ ನುಂಗಿ, ಡೇರೆಯೊಳಗಿನ ಕಮೋಡನ್ನು ಇಣುಕಿ ನೋಡಿ ಹೊರಬಂದರು.

“ಮಲಗೂದೂ ಇಲ್ಲೇ, ಅದೂ ಇಲ್ಲೇ ಏನ್ರಿ ಮಾಸ್ತರ್ರ?”

ನೀರಿನ ಬಾಟಲಿ ಹಿಡಿದು ಬಯಲಿಗೆ ನಡೆದರು. ಯಾರ ಕಣ್ಣಿಗೂ ಬೀಳದಷ್ಟು ದೂರ ಹೋಗಬೇಕೆಂಬುದು ನಮ್ಮ ಕಡೆಯ ಬಯಲಿನ ಕಾಯಿದೆ. ನಮ್ಮ ಎರೆ ಹೊಲದಲ್ಲಿ ಒಂದು ಜಾಲಿಯ ಕಂಟಿ ಸಾಕು. ಇಲ್ಲಿ ದಿಬ್ಬ ಹತ್ತಿದಾಗೆಲ್ಲ ಆಚೆ ಮತ್ತೊಂದು ಡೇರೆಗಳ ಗುಂಪು, ಸೂರ್ಯೋದಯದ ಫೋಟೋ ತೆಗೆಯುವ ಹೆಣ್ಣುಮಕ್ಕಳು. ಮರ್ಯಾದಸ್ಥರು ಮುಂದೆ ಮುಂದೆ ಹೋದರು. ಗಾಳಿ ಎದ್ದು ಹೆಜ್ಜೆಗುರುತು ಅಳಿಸಿತು. ಅವರ ಮೊಬೈಲು ಹಾಸಿಗೆಯ ಮೇಲೆ ಸುಖವಾಗಿ ಮಲಗಿತ್ತು.

ಬಿಸಿಲೇರಿದರೂ ಅವರು ಬರಲಿಲ್ಲ. ಗುಳಿಗೆಯ ಮೇಲೆ ಏನೂ ತಿನ್ನದಿದ್ದರೆ ಸಾಹೇಬರಿಗೆ ಕಣ್ಣು ಕತ್ತಲೆ ಬರುತ್ತದೆ. ಎರಡು ಸಲ ಅಂಗಡಿಯಲ್ಲೇ ಬಿದ್ದವರು. ಶೇಂಗಾ ಉಂಡಿ ಕಿಸೆಗೆ ಹಾಕಿಕೊಂಡು, ಒಂಟೆಯವನ ಜತೆ ಹುಡುಕಲು ಹೊರಟೆ. ಇಡೀ ಶಾಲೆಯನ್ನು ಸುಮ್ಮನಿರಿಸುತ್ತಿದ್ದ ನನ್ನ ಕಂಠವನ್ನು ಮರಳು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ರಜಿಯಾಬಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸತೊಡಗಿದೆ. ಒಂದು ವಾಕ್ಯವೂ ಪೂರ್ತಿಯಾಗಲಿಲ್ಲ.

ಯಾವುದೋ ದಿಬ್ಬದ ಮೇಲಿಂದ ಒಂಟೆಯವನು ಕೈ ತೋರಿಸಿದ. ತಗ್ಗಿನಲ್ಲಿ ಒಂದೇ ಒಂದು ಮರ. ಬುಡದಲ್ಲಿ ತಲೆ ಬಗ್ಗಿಸಿ ಕೂತ ಆಕೃತಿ. ನಾನು ಇಳಿದೆನೋ ಉರುಳಿದೆನೋ ಗೊತ್ತಿಲ್ಲ. ಹತ್ತಿರ ಹೋದಾಗ ಸಾಹೇಬರು ತಲೆಯೆತ್ತಿದರು. ಮೈಯೆಲ್ಲ ಬೆವರು.

“ತಡಾ ಮಾಡಿದ್ರಿ,” ಎಂದರು.

ಉಂಡಿ ಮುರಿದು ಬಾಯಿಗಿಟ್ಟೆ. ಎರಡನೆಯದು ಮುಗಿಯುವಾಗ ಮುಖಕ್ಕೆ ಕಳೆ ಬಂತು. ದಾರಿ ಹುಡುಕದೆ ಹೀಗೆ ಕೂತದ್ದೇಕೆಂದು ಗದರಿದೆ. ಅಳು ಬರುವಂತಿದ್ದಾಗ ಗದರುವುದು ನನ್ನ ಹಳೆಯ ಚಾಳಿ.

“ಕಳಕೊಂಡಾಂವ ಕುಂದರಬೇಕ್ರಿ, ಹುಡುಕಾಂವ ಅಡ್ಡಾಡಬೇಕು. ಇಬ್ಬರೂ ಅಡ್ಡಾಡಿದ್ರ ಸಿಗೂದು ಯಾವಾಗ?” ಎಂದು ಮೇಲೆ ನೋಡಿದರು. “ಬನ್ನಿ ಗಿಡ ಐತಿ. ಗುರುತಿಂದು. ಅದಕ್ಕ ಇಲ್ಲೇ ಕುಂತ್ನಿ.”

ಹೌದು, ನಮ್ಮ ಬನ್ನಿಯೇ. ನಾನೂ ಅದರ ಕಾಂಡ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಒಂಟೆ ಹತ್ತಿಸಿದ ಮೇಲೆ ಸಾಹೇಬರು ಮರ ಮರೆಯಾಗುವವರೆಗೂ ಅದನ್ನೇ ತಿರುಗಿ ತಿರುಗಿ ನೋಡಿದರು.

ಡೇರೆ ಮುಟ್ಟುವಷ್ಟರಲ್ಲಿ ಮೊಬೈಲು ಬಡಕೊಳ್ಳುತ್ತಿತ್ತು. ರಜಿಯಾಬಿಯ ದನಿ ನನಗೂ ಕೇಳಿಸಿತು: ನಾಷ್ಟಾ ಆಯಿತೇ, ಇಷ್ಟೊತ್ತಿನವರೆಗೆ ಏನು ನೋಡಿದಿರಿ ಎಂದು.

“ಬನ್ನಿ ಗಿಡ ನೋಡಿದ್ನಿ.”

ಆ ಕಡೆಯಿಂದ ರಜಿಯಾಬಿ ಅಂದರು: “ಅದು ನಮ್ಮ ಹೊಲದಾಗೂ ಐತಲ್ರಿ.”

“ಐತಿ,” ಎಂದರು ಸಾಹೇಬರು. “ಬಂದ ಮ್ಯಾಲೆ ಅದನ್ನೂ ನೋಡ್ತೇನಿ.”